ಬೆನ್ನು ಸೀಳಿದ ಅಂಗಿಗಳು

ನಮ್ಮಪ್ಪನ ವೇಷದ ಅಂಗಿಗಳಿಗೆಲ್ಲ ಬೆನ್ನಿನಲ್ಲಿ ಸೀಳು. ಕುತ್ತಿಗೆಯಿಂದ ಸೊಂಟದವರೆಗೆ ನೇರವಾಗಿ ಕತ್ತರಿಸಿ, ಅಂಚು ಮಡಚಿ, ಚರ್ ಎಂದು ಬಿಚ್ಚಿಕೊಳ್ಳುವ ಪಟ್ಟಿಯನ್ನು ಎರಡೂ ಕಡೆ ಇಟ್ಟು ಅಮ್ಮ ಹೊಲಿದಿರುತ್ತಿದ್ದಳು. ಮುಂದಿನ ಗುಂಡಿಗಳು ಬರೀ ನೋಡುವುದಕ್ಕೆ. ಕಾಜಾ ತೆಗೆಯದೆ ಬಟ್ಟೆಗೇ ಹೊಲಿದುಬಿಟ್ಟಂಥವು. ಚಿಕ್ಕವಳಿದ್ದಾಗ ಗೆಳತಿಯೊಬ್ಬಳ ತಂದೆ ಕೆಲಸದಿಂದ ಬಂದು ಒಂದೊಂದೇ ಗುಂಡಿ ಬಿಚ್ಚುತ್ತ ನಿಂತಿದ್ದನ್ನು ನೋಡಿ, ಇವರಿಗೆ ಯಾಕೆ ಇಷ್ಟು ಹೊತ್ತು ಬೇಕು ಎಂದು ಮನೆಗೆ ಬಂದು ಕೇಳಿದ್ದೆ. ಅಮ್ಮ ನಕ್ಕು, "ಅವರಿಗೆ ನನ್ನಂತ ಹೆಂಡ್ರು ಇಲ್ಲ ಕಣಮ್ಮ" ಎಂದಿದ್ದಳು.

ಮಧುಗಿರಿಯಲ್ಲಿ ನಮ್ಮ ಮನೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದರು, ರಜೆಯ ದಿನಗಳಲ್ಲಿ ಮಾತ್ರ ಜಾದೂಗಾರ. ಊರಿನವರನ್ನು ಕೇಳಿದರೆ ಇದನ್ನೇ ತಿರುಗಿಸಿ ಹೇಳುತ್ತಾರೆ. ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ, ಎಲ್ಲಿಗೆ ಕರೆದರೂ ಅಪ್ಪ, ಅಮ್ಮ, ನಾನು ಮೂವರೇ ಎರಡು ಟ್ರಂಕು ಹೊತ್ತು ಬಸ್ಸು ಹತ್ತುತ್ತಿದ್ದೆವು. ಕೊರಟಗೆರೆ, ಶಿರಾ, ಪಾವಗಡ ಎಲ್ಲ ಕಡೆಯೂ ಜನ ಕೊನೆಯವರೆಗೂ ಕಾದು ಕೂರುತ್ತಿದ್ದುದು 'ಏಳು ವೇಷ' ಎಂಬ ಆಟಕ್ಕೆ. ವೇದಿಕೆಯ ಮೇಲೆ ಒಂದು ಪಂಚೆ ಅಡ್ಡ. ಅದರ ಒಂದು ತುದಿ ಕಂಬಕ್ಕೆ, ಇನ್ನೊಂದು ನನ್ನ ಕೈಯಲ್ಲಿ. ಸೂಟು ತೊಟ್ಟ ಸಾಹೇಬರು ಪಂಚೆಯ ಹಿಂದೆ ಹೋಗಿ ಸನ್ಯಾಸಿಯಾಗಿ ಬರುವರು, ಸನ್ಯಾಸಿ ಪೊಲೀಸನಾಗುವನು, ಪೊಲೀಸ ಪೇಟ ಸುತ್ತಿದ ಗೌಡನಾಗುವನು, ಕೊನೆಗೆ ಬಾಸಿಂಗ ಕಟ್ಟಿದ ಮದುಮಗ. ಹಿಂದಿನ ಪರದೆಯಿಂದ ಅಮ್ಮ ಬಗ್ಗಿಕೊಂಡು ಬಂದು ಇದೆಲ್ಲ ಮಾಡುತ್ತಿದ್ದಳು ಎನ್ನುವುದು ಜನರಿಗೆ ಗೊತ್ತಿರಲಿಲ್ಲ. ಪಟ್ಟಿ ಬಿಚ್ಚುವ ಸದ್ದು ಕೇಳಿಸಬಾರದೆಂದು ಅಪ್ಪ ಪ್ರತಿ ಸಲವೂ ಮಕ್ಕಳಿಗೆ ಜೋರಾಗಿ ಚಪ್ಪಾಳೆ ತಟ್ಟಲು ಹೇಳುತ್ತಿದ್ದರು.

ಅಮ್ಮ ಪಾವಗಡದ ಕಡೆಯವಳು. ಸಾರಿಗೆ ಎಷ್ಟು ಉಪ್ಪು ಎಂಬುದರಿಂದ ಹಿಡಿದು ನನ್ನ ಜ್ವರದವರೆಗೆ ಎಲ್ಲವನ್ನೂ ಕನ್ನಡದಲ್ಲೇ ಮಾತಾಡುವವಳು, ಪಂಚೆಯ ಹಿಂದೆ ಮಾತ್ರ ತೆಲುಗಿನಲ್ಲಿ ಎಣಿಸುತ್ತಿದ್ದಳು. ಒಕಟಿ ಎಂದರೆ ಅಪ್ಪ ತೋಳು ಹಿಂದಕ್ಕೆ ಚಾಚಬೇಕು, ರೆಂಡು ಎಂದರೆ ಹಳೆಯ ಅಂಗಿ ಕೆಳಗೆ, ಮೂಡು ಎಂದರೆ ಹೊಸದರೊಳಗೆ ಎರಡೂ ಕೈ. ಎಂಟು ಎಣಿಸುವಷ್ಟರಲ್ಲಿ ಮುಗಿಯಬೇಕು. ಮುಗಿಯುತ್ತಿತ್ತು ಕೂಡ. ಅಪ್ಪನ ಕೆಲಸ ತೋಳು ಚಾಚುವುದಷ್ಟೇ. ಉಳಿದದ್ದೆಲ್ಲ ಅಮ್ಮನ ಕೈ. ಕಚೇರಿಗೆ ಹೊರಡುವಾಗಲೂ ಅಪ್ಪನಿಗೆ ಅಂಗಿ ತೊಡಿಸುತ್ತಿದ್ದವಳು ಅವಳೇ.

ಒಂದೇ ಒಂದು ಸಲ ಎಡವಟ್ಟಾಗಿತ್ತು. ನಿಡುಗಲ್ ಕಡೆಯ ಹಳ್ಳಿಯೊಂದರಲ್ಲಿ ಬೆಟ್ಟದ ಗಾಳಿ ಬೀಸಿ ಪಂಚೆ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಅರ್ಧ ಸಾಹೇಬ, ಅರ್ಧ ಸನ್ಯಾಸಿಯಾಗಿ ಅಪ್ಪ, ಅವರ ಸೊಂಟದ ಹತ್ತಿರ ಮೊಣಕಾಲೂರಿ ಕೂತ ಅಮ್ಮ, ಇಬ್ಬರೂ ಊರಿಗೆಲ್ಲ ಕಂಡುಬಿಟ್ಟರು. ಜನ ಕೆಟ್ಟದ್ದಾಗಿ ಏನೂ ನಗಲಿಲ್ಲ. ಆದರೂ ಅಪ್ಪ ಆವತ್ತು ಊಟಕ್ಕೆ ಕೂರಲಿಲ್ಲ. ಬಸ್ಸಿನಲ್ಲಿ ಕೂತು ನನಗೆ ಹೇಳಿದರು: "ನೋಡು ಮಗಾ, ಎರಡು ಏಸದ ಮಧ್ಯೆ ಇರೋ ಮನುಸನ್ನ ಯಾರೂ ನೋಡಬಾರ್ದು. ಸತ್ರೂ ನೋಡಬಾರ್ದು." ಆಗ ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಪಂಚೆ ಬಿಟ್ಟ ಅಪರಾಧಿ ನಾನೇ.

ನಾನು ಓದಿ ಸರ್ಕಾರಿ ಶಾಲೆಯ ಮೇಡಂ ಆದೆ. ಅಪ್ಪ ನಿವೃತ್ತರಾದರು. ಮದುವೆಯ ಗೊಡವೆಗೆ ನಾನು ಹೋಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಮೊಬೈಲಿನಲ್ಲಿ ಎಲ್ಲ ಆಟಗಳ ಗುಟ್ಟೂ ಸಿಗುವ ಕಾಲದಲ್ಲೂ ತಿಂಗಳಿಗೊಂದೆರಡು ಕಡೆ ಅಪ್ಪನನ್ನು ಕರೆಯುತ್ತಿದ್ದರು. ನಲವತ್ತರ ಹತ್ತಿರ ಬಂದ ಮಗಳು ಪಂಚೆ ಹಿಡಿದು ನಿಲ್ಲುವುದನ್ನು ನೋಡಿ ನಮ್ಮ ಶಾಲೆಯ ಮಕ್ಕಳೇ ಕಿಸಕ್ಕೆಂದು ನಗುತ್ತಿದ್ದರು. ನಗಲಿ ಬಿಡಿ ಎಂದು ನಾನೂ ನಿಲ್ಲುತ್ತಿದ್ದೆ.

ಕಳ್ಳಂಬೆಳ್ಳದ ಶಾಲೆಯೊಂದರಲ್ಲಿ ಆಟ ಮುಗಿಸಿ ಬರುವಾಗ ಶಿರಾ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯಲು ಕೂತೆವು. ಅಪ್ಪನ ಬಲಗೈಯಿಂದ ಲೋಟ ಜಾರಿ ಕೆಳಗೆ ಬಿತ್ತು. ನಾನು ತಕ್ಷಣ ಅವರ ಎಡಗೈಯನ್ನು ನೋಡಿದೆ. ಅಮ್ಮನೂ ಅಲ್ಲೇ ನೋಡಿದಳು. ಬಲಗೈಯಲ್ಲಿ ಬೀಳಿಸಿದ್ದನ್ನು ಎಡಗೈಯಲ್ಲಿ ತೆಗೆಯುವುದು ಅಪ್ಪನ ದಿನನಿತ್ಯದ ಚೇಷ್ಟೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಸಾಬರು ಅಪ್ಪನನ್ನು ಎಷ್ಟೋ ವರ್ಷದಿಂದ ಬಲ್ಲವರು, ಅವರೂ ನಗುತ್ತ, "ಉಸ್ತಾದ್, ಈಗ ಎಲ್ಲಿಂದ ತೆಗೀತೀರಾ ನೋಡಾಣ" ಎಂದರು. ನಾವು ಮೂವರೂ ಕಾದೆವು. ಎಡಗೈ ಖಾಲಿಯಾಗಿಯೇ ಇತ್ತು. ಅಪ್ಪನ ಬಾಯಿ ಒಂದು ಕಡೆ ವಾಲಿದ ಮೇಲೆ ಸಾಬರೇ ಮೊದಲು ಎದ್ದು ಓಡಿ ಬಂದವರು.

ಲಕ್ವ ಎಂದರು. ಶಿರಾದಲ್ಲಿ ತೋರಿಸಿ ತುಮಕೂರಿಗೆ ಕರೆದುಕೊಂಡು ಹೋದೆವು. ಕೆಲವು ವಾರಗಳಲ್ಲಿ ಮಾತು ಬಂತು, ಕಾಲು ಬಂತು, ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾದರು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಕೊಂಚ ಮಡಚುತ್ತಿದ್ದವು, ಅಷ್ಟೇ. ಅಪ್ಪನಿಗೆ ಬೇಕಾಗಿದ್ದುದು ಅದೊಂದೇ. "ಕಾಲು ಹೋಗಿದ್ರೆ ಹೋಗ್ಲಿ ಅಂತಿದ್ದೆ. ಕುರ್ಚಿ ಮ್ಯಾಲೆ ಕೂತೇ ಆಟ ಮಾಡ್ತಿದ್ದೆ. ಕೈ ಇಲ್ದೆ ಏನ್ ಮಾಡ್ಲವ್ವ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾಣ್ಯವೊಂದನ್ನು ಎಡಗೈಯಿಂದ ಬಲಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಅದು ಬೀಳುವವರೆಗೆ ನೋಡುತ್ತ ಕೂರುತ್ತಿದ್ದರು.

ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬರು ಒಂದು ಚೀಟಿ ಬರೆದುಕೊಟ್ಟಿದ್ದರು. ರಬ್ಬರ್ ಚೆಂಡು ಹಿಸುಕುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಹೀಗೆ. ಅದನ್ನು ಬೀರುವಿನ ಕನ್ನಡಿಗೆ ಅಂಟಿಸಿದವಳು ನಾನೇ. ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ ದಿನಕ್ಕೆ ಎರಡು ಹೊತ್ತು ತಪ್ಪದೆ ಮಾಡಿಸಿದೆ. ನಮ್ಮಷ್ಟು ಶ್ರದ್ಧೆಯಿಂದ ಮಾಡಿಸಿದವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಎಂಬ ಜಂಬವೂ ನನಗಿತ್ತು.

ಅಮ್ಮ ಅಷ್ಟರಲ್ಲಿ ಅಪ್ಪನ ಮಾಮೂಲಿ ಅಂಗಿಗಳನ್ನೆಲ್ಲ ಕತ್ತರಿಸಿ ಹೊಲಿದಿದ್ದಳು. ಆಸ್ಪತ್ರೆಯಿಂದ ಬಂದ ಎರಡನೆಯ ದಿನವೇ ಹೊಲಿಗೆ ಮಿಷನ್ನಿನ ಮುಂದೆ ಕೂತು, ಮನೆಯಲ್ಲಿ ತೊಡುವ ಅಂಗಿ, ಬ್ಯಾಂಕಿಗೆ ಹಾಕುವ ಅಂಗಿ, ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗುವಾಗ ಹಾಕುತ್ತಿದ್ದ ಬಿಳಿ ಅಂಗಿ, ಒಂದನ್ನೂ ಬಿಡಲಿಲ್ಲ. ಎಲ್ಲಕ್ಕೂ ಬೆನ್ನಿನಲ್ಲಿ ಸೀಳು, ಎಲ್ಲಕ್ಕೂ ಪಟ್ಟಿ. ಪ್ಯಾಂಟಿನ ಪಕ್ಕಕ್ಕೆ ಟಿಚ್ ಬಟನ್. ಬೆಳಿಗ್ಗೆ ಸ್ನಾನವಾದ ಮೇಲೆ ಒಕಟಿ, ರೆಂಡು ಎನ್ನುವಷ್ಟರಲ್ಲಿ ಅಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲಿ ಜಗುಲಿಗೆ ಬಂದು ಕೂರುತ್ತಿದ್ದರು. ನೋಡಲು ಬಂದ ನೆಂಟರಿಗೆ ಆಶ್ಚರ್ಯ. ಪಕ್ಕದ ಮನೆಯವರಂತೂ, "ಲಕ್ವ ಹೊಡ್ದಿರೋದು ಇವರಿಗೋ, ನಮಗೋ" ಎಂದು ತಮಾಷೆ ಮಾಡಿದರು. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕದ್ದು ಆ ಮಾತಿಗೆ. ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಬೇರೆ ಯಾರ ಮನೆಯಲ್ಲಿ ರೋಗಿಗೆ ಇಷ್ಟು ಬೇಗ ಬಟ್ಟೆ ತೊಡಿಸುತ್ತಾರೆ?

ಐದು ತಿಂಗಳಾದ ಮೇಲೆ ತಪಾಸಣೆಗೆ ಹೋದೆವು. ವ್ಯಾಯಾಮದ ಮೇಡಂ ಅಪ್ಪನನ್ನು ಎದುರು ಕೂರಿಸಿಕೊಂಡು, "ನಿಮ್ಮ ಶರ್ಟಿನ ಮೇಲಿನ ಗುಂಡಿ ಬಿಚ್ಚಿ ನೋಡೋಣ, ಬಲಗೈಯಲ್ಲೇ" ಎಂದರು. ಅಪ್ಪ ನನ್ನ ಕಡೆ ನೋಡಿದರು. ಮೇಡಂ ತಾವೇ ಗುಂಡಿಯನ್ನು ಹಿಡಿದು ಎಳೆದರು. ಅದು ಬಿಚ್ಚಿಕೊಳ್ಳುವ ಗುಂಡಿಯೇ ಆಗಿರಲಿಲ್ಲ. ಅಪ್ಪನನ್ನು ಮೆಲ್ಲಗೆ ತಿರುಗಿಸಿ ಬೆನ್ನು ನೋಡಿದರು.

"ಇದು ಯಾರು ಹೊಲಿದಿದ್ದು?"

"ನಾನೇ ಕಣಮ್ಮ," ಎಂದಳು ಅಮ್ಮ. ಬಹುಮಾನ ತೆಗೆದುಕೊಳ್ಳಲು ಎದ್ದು ನಿಂತಂತೆ ನಿಂತಿದ್ದಳು. "ಎಂಟು ಎಣಿಸೋದ್ರೊಳಗೆ ಹಾಕ್ಬುಡ್ತೀನಿ."

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬಿದ್ದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವರು ನನ್ನನ್ನು ಕರೆದು, "ಚೀಟಿಯಲ್ಲಿ ಎರಡನೇ ಸಾಲು ಏನಿದೆ, ನೋಡಿಲ್ವಾ ನೀವು?" ಎಂದರು. ನೋಡಿದ್ದೆ. ಬಾಯಿಪಾಠವೇ ಆಗಿತ್ತು. ಬಟ್ಟೆ ತಾವೇ ಹಾಕಿಕೊಳ್ಳಬೇಕು, ಎಷ್ಟು ಹೊತ್ತಾದರೂ ಸಹಾಯ ಮಾಡಬಾರದು ಎಂದು ಅದರಲ್ಲಿತ್ತು. ಅದು ನಮಗೆ ಹೇಳಿದ್ದು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಬಟ್ಟೆ ತೊಡುವುದು ಅಪ್ಪನ ಕೆಲಸ ಎಂದೂ ಆಗಿರಲಿಲ್ಲ. ಆ ಸಾಲನ್ನು ನಾನು ಗಟ್ಟಿಯಾಗಿ ಓದಿ ಹೇಳಿದ ದಿನವೂ ಅಪ್ಪ ತೋಳು ಚಾಚಿ ನಿಂತಿದ್ದರು.

"ಚೆಂಡು ಹಿಸುಕಿದ್ರೆ ಸಾಲದು," ಎಂದರು ಮೇಡಂ. "ಕೈ ಬರೋದು ಕೆಲಸ ಇದ್ದಾಗ. ಮೊದಲ ತಿಂಗಳುಗಳಲ್ಲೇ ಜಾಸ್ತಿ ಬರೋದು. ಈಗಲೂ ಪ್ರಯತ್ನ ಪಡಿ. ಬರಬಹುದು, ಬಾರದೆಯೂ ಇರಬಹುದು."

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಗೆ ಬಂದವಳೇ ಸೀಳಿದ ಅಂಗಿಗಳನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಅಮ್ಮನ ಮೇಲೆ ರೇಗಿದೆ. "ನಿನ್ನ ಕೈಚಳಕ ಅವರ ಕೈಯನ್ನ ತಿಂದ್ಹಾಕ್ತು" ಎಂದುಬಿಟ್ಟೆ. ಆಡಬಾರದ ಮಾತು. ಓದಿದವಳು ನಾನು, ಚೀಟಿ ಅಂಟಿಸಿದವಳು ನಾನು. ಅಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಅಡುಗೆಮನೆಗೆ ಹೋದಳು.

ಅಂಗಡಿಯಿಂದ ಮುಂದೆ ತೆರೆಯುವ ನಾಲ್ಕು ಅಂಗಿ ತಂದೆ. ಮೊದಲ ದಿನ ಅಪ್ಪ ಮಂಚದ ಮೇಲೆ ಕೂತು, ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ನನ್ನ ಮುಖ ನೋಡಿದರು. "ಪಂಚೆ ಅಡ್ಡ ಹಿಡಿ ಮಗಾ" ಎಂದರು. ನಾನು ಹಿಡಿದೆ. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು, ಮುಖ ಆಚೆ ತಿರುಗಿಸಿಕೊಂಡು ನಿಂತೆ. ಎಂಟು ಎಣಿಸುವಷ್ಟು ಹೊತ್ತು ನಿಂತು ಅಭ್ಯಾಸವಿದ್ದವಳು ಐವತ್ತು ನಿಮಿಷ ನಿಂತೆ. ಹಿಂದಿನಿಂದ ಬಟ್ಟೆ ಸರಿಯುವ ಸದ್ದು, ಏದುಸಿರು, ಮತ್ತೆ ಬಟ್ಟೆ ಬಿದ್ದ ಸದ್ದು. ಒಂದು ಸಲ ಮಂಚಕ್ಕೆ ಮೊಣಕೈ ಬಡಿದದ್ದು ಕೇಳಿತು. ತಿರುಗಿ ನೋಡಲೇ? ನೋಡುವ ಹಾಗಿಲ್ಲ. ಹೋಗಿ ತೋಳು ಸಿಕ್ಕಿಸಲೇ? ಸಿಕ್ಕಿಸುವ ಹಾಗಿಲ್ಲ. ನನ್ನ ಕೈಗಳೆರಡೂ ನೆಟ್ಟಗಿದ್ದವು, ಮಾಡುವುದಕ್ಕೆ ಮಾತ್ರ ಏನೂ ಇರಲಿಲ್ಲ. ಕೊನೆಗೆ ಅಪ್ಪ, "ಒಂದು ತೋಳು ಆಯ್ತು, ಇವತ್ತಿಗೆ ಸಾಕು ತಾಯಿ" ಎಂದರು. ತಿರುಗಿ ನೋಡಿದೆ. ಬನಿಯನ್ ಬೆವರಿನಲ್ಲಿ ತೊಯ್ದು ಎದೆಗೆ ಅಂಟಿತ್ತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳನ್ನು ಸುಮ್ಮನೆ ಎತ್ತಿ ಎತ್ತಿ ಇಡುತ್ತಿದ್ದಳು.

ಹತ್ತು ಹದಿನೈದು ದಿನ ಹೀಗೇ ನಡೆಯಿತು. ನನಗೆ ಶಾಲೆಗೆ ಹೊತ್ತಾಗುತ್ತಿತ್ತು. ಒಂದು ದಿನ ಅಪ್ಪನೇ, "ನೀನ್ಯಾಕೆ ನಿಂತ್ಕಂಡು ಕಾಲು ನೋಯಿಸ್ಕತೀಯ? ನಾನು ರೂಮಿನ ಬಾಗ್ಲಾಕ್ಕಂಡು ಹಾಕ್ಕತೀನಿ. ನೀನು ಹೊರಗೆ ಕೂತು ಟೈಮ್ ನೋಡ್ಕ" ಎಂದರು. ನಾನು ಜಗುಲಿಯಲ್ಲಿ ಮಕ್ಕಳ ಪುಸ್ತಕ ತಿದ್ದುತ್ತ ಕೂರತೊಡಗಿದೆ. ಅಮ್ಮ ಆ ಹೊತ್ತಿಗೆ ಹಿತ್ತಿಲಿಗೆ ಪಾತ್ರೆ ಉಜ್ಜಲು ಹೋಗುತ್ತಿದ್ದಳು. ನೋಡಲಾಗದೆ ಹೋಗುತ್ತಾಳೆ ಎಂದುಕೊಂಡಿದ್ದೆ.

ಆಮೇಲೆ ನಿಮಿಷಗಳು ಇಳಿಯತೊಡಗಿದವು. ನಲವತ್ತು, ಮೂವತ್ತೈದು, ಅರ್ಧ ಗಂಟೆ. ಎದೆಯ ಗುಂಡಿಗಳನ್ನು ಹಾಕಿಕೊಂಡೇ ಅಪ್ಪ ಹೊರಗೆ ಬರುತ್ತಿದ್ದರು. ಎದೆಯ ಗುಂಡಿಗಳನ್ನು ಎಡಗೈಯೊಂದರಲ್ಲೇ ಹೇಗೋ ಹಾಕಬಹುದು, ಬೀಗುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ಶುಕ್ರವಾರ ಅಪ್ಪ ತುಂಬು ತೋಳಿನ ಅಂಗಿ ತೊಟ್ಟು ಹೊರಗೆ ಬಂದರು. ಎಡಗೈಯ ಮಣಿಕಟ್ಟಿನ ಗುಂಡಿಯೂ ಹಾಕಿತ್ತು. ಎಡಗೈಯ ಗುಂಡಿಯನ್ನು ಎಡಗೈ ಹಾಕಿಕೊಳ್ಳಲಾರದು. ಅದಕ್ಕೆ ಬಲಗೈಯೇ ಬೇಕು.

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಅಪ್ಪಾ, ಇದು..." ಎಂದೆ. ಅಪ್ಪ ಮುಗುಳ್ನಕ್ಕರು. ಅವರ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಅತ್ತೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. ಮೇಡಂಗೆ ಫೋನು ಮಾಡಿದೆ. ಅವರಿಗೂ ಸಂತೋಷವಾಯಿತು, ಸೋಮವಾರ ಕರೆದುಕೊಂಡು ಬನ್ನಿ, ನೋಡೋಣ ಎಂದರು. ಜಾದೂಗಾರನ ಮನೆಯಲ್ಲಿ ಹುಟ್ಟಿ, ಕಣ್ಣಿಗೆ ಕಂಡದ್ದನ್ನು ನಂಬಬಾರದೆಂದು ಎದೆಹಾಲಿನ ಜೊತೆಗೇ ಕಲಿತವಳು ಆ ಎರಡು ದಿನ ಒಂದು ಗುಂಡಿಯನ್ನು ನಂಬಿಕೊಂಡು ಓಡಾಡಿದೆ.

ಭಾನುವಾರ ಬೆಳಿಗ್ಗೆ ಅಪ್ಪ ರೂಮಿನ ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ನಮ್ಮ ಬೀದಿಗೆ ನೀರು ಬಂದರೆ ಬಂತು, ಹೋದರೆ ಹೋಯಿತು. ಕೊಡಗಳು ಹಿತ್ತಿಲಿನಲ್ಲಿದ್ದವು. ಅಮ್ಮನನ್ನು ಕೂಗಿದೆ, ಉತ್ತರವಿಲ್ಲ. ನಾನೇ ಮನೆಯ ಪಕ್ಕದ ಸಂದಿಯಿಂದ ಹಿತ್ತಿಲಿಗೆ ಹೋದೆ. ಅರ್ಧ ಉಜ್ಜಿದ ಪಾತ್ರೆಗಳು ಕಲ್ಲಿನ ಮೇಲಿದ್ದವು, ಅಮ್ಮ ಇರಲಿಲ್ಲ. ರೂಮಿಗೆ ಹಿತ್ತಿಲಿನಿಂದಲೂ ಒಂದು ಬಾಗಿಲಿದೆ. ಅದು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಪಕ್ಕದ ಕಿಟಕಿಯಲ್ಲಿ ನೋಡಿದೆ.

ಅಮ್ಮ ಅಪ್ಪನ ಎಡಗೈಯ ಗುಂಡಿ ಹಾಕುತ್ತಿದ್ದಳು. ಹಾಕಿ ಮುಗಿಸಿ ಕಾಲರು ಸರಿಮಾಡಿದಳು. ಮುಂದೆ ತೆರೆಯುವ ಅಂಗಿ, ನಿಜವಾದ ಕಾಜಾ, ಆದರೂ ಅವಳಿಗೆ ಎಷ್ಟು ಹೊತ್ತು ಹಿಡಿದೀತು? ಎಲ್ಲ ಆದ ಮೇಲೂ ಅವಳು ಹೊರಗೆ ಬರಲಿಲ್ಲ. ಇಬ್ಬರೂ ಮಂಚದ ಮೇಲೆ ಅಕ್ಕಪಕ್ಕ ಕೂತರು. ಅಪ್ಪ ಗೋಡೆಯ ಗಡಿಯಾರ ನೋಡಿದರು.

"ಇನ್ನೂ ಹತ್ತು ನಿಮಿಷ ಕೂರಾನ," ಎಂದರು. "ಈಗ್ಲೇ ಹೋದ್ರೆ ನಂಬಕಿಲ್ಲ ಅವಳು."

"ನಾಳೆ ಆಸ್ಪತ್ರೇಲಿ ಏನ್ ಹೇಳ್ತೀರಾ?"

"ನಾಳಿಂದು ನಾಳೆ. ಶುಕ್ರವಾರ ಅವಳ ಮಖ ನೋಡ್ದೆ ತಾನೆ ನೀನು? ಅಂಗೆ ನಕ್ಕಿದ್ದು ಎಷ್ಟು ದಿನ ಆಗಿತ್ತು."

ಅಮ್ಮ ಏನೋ ಮೆಲ್ಲಗೆ ಹೇಳಿದಳು. ಅಪ್ಪ ನಕ್ಕರು. ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಅವರ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ನೀವತೊಡಗಿದಳು. ಬಿಟ್ಟಾಗ ಅದು ಇಟ್ಟಲ್ಲೇ ಇತ್ತು.

ಬಾಗಿಲು ತಳ್ಳಿದ್ದರೆ ತೆರೆದುಕೊಳ್ಳುತ್ತಿತ್ತು. ತಳ್ಳಬೇಕಿತ್ತು. ಇಂಥ ಒಂದೊಂದು ಬೆಳಿಗ್ಗೆಯೂ ಆ ಕೈಯಿಂದ ಕಿತ್ತುಕೊಂಡದ್ದು ಎಂದು ಮೂವರಲ್ಲಿ ಚೆನ್ನಾಗಿ ತಿಳಿದಿದ್ದವಳು ನಾನು. ಕೋಪ ಬರಲಿ ಎಂದು ಕಾದೆ. ಎಲ್ಲದಕ್ಕೂ ಬರುವ ಕೋಪ ಆಗ ಬರಲಿಲ್ಲ. ಒಳಗೆ ಹೋದರೆ ಅಪ್ಪನ ಮುಖ ಏನಾಗುತ್ತದೆ, ಅಮ್ಮ ಕೈಗಳನ್ನು ಎಲ್ಲಿ ಅಡಗಿಸಿಕೊಳ್ಳುತ್ತಾಳೆ ಎಂಬುದಷ್ಟೇ ಕಣ್ಣಿಗೆ ಕಟ್ಟಿತು. ನನ್ನಿಂದ ಆಗಲಿಲ್ಲ. ಖಾಲಿ ಕೊಡ ಹಿಡಿದು ಬಂದ ದಾರಿಯಲ್ಲೇ ಹಿಂದಿರುಗಿ ಜಗುಲಿಯಲ್ಲಿ ಕೂತೆ. ನೀರು ಹರಿದು ಬೀದಿಗೆ ಹೋಗುತ್ತಿತ್ತು.

ಹೇಳಿದ ಹಾಗೆ ಹತ್ತು ನಿಮಿಷ ಬಿಟ್ಟು ಅಪ್ಪ ಬಾಗಿಲು ತೆರೆದರು.

"ಎಷ್ಟಾಯ್ತು ಮಗಾ?"

"ಇಪ್ಪತ್ತೆರಡು ನಿಮಿಷ" ಎಂದೆ. "ಮೊನ್ನೆಗಿಂತ ಬೇಗ ಆಯ್ತಲ್ಲಪ್ಪ."

ಅಮ್ಮ ಹಿತ್ತಿಲಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮುಖವನ್ನೇ ನೋಡಿದಳು. ನಾನು ಪುಸ್ತಕ ತಿದ್ದುತ್ತಿದ್ದೆ. ಅವರಿಬ್ಬರೂ ಕಾಫಿಗೆ ಕೂತ ಮೇಲೆ ಬೀದಿಯ ಕೊನೆಯವರೆಗೆ ನಡೆದು ಹೋಗಿ ಮೇಡಂಗೆ ಫೋನು ಮಾಡಿದೆ. ಶಾಲೆಗೆ ಮೇಲಿನವರು ಬರುವುದಿದೆ, ನಾಳೆ ಬರಲಾಗುವುದಿಲ್ಲ ಎಂದೆ. ಮುಂದಿನ ವಾರ ಬನ್ನಿ ಎಂದರು. ನೋಡಿ ಹೇಳುತ್ತೇನೆ ಎಂದೆ.

"ಕೈ ಹೇಗಿದೆ ಈಗ?" ಎಂದು ಕೇಳಿದರು.

"ಬರ್ತಾ ಇದೆ ಮೇಡಂ," ಎಂದೆ.